ಈ ಗಾಡಿಯನ್ನು ಯಾರು ನೋಡಿ ಪಾಸು ಮಾಡಿದರು?

ಗೆ,
ಮಾನ್ಯ ಸಾರಿಗೆ ಮತ್ತು ರಸ್ತೆ ಸುರಕ್ಷತಾ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಹಳೆಯ ಕಾರು ಕೊಳ್ಳುವವರಿಗೆ ಆ ಗಾಡಿಯ ತಪಾಸಣೆಯ ಇತಿಹಾಸ ದುಡ್ಡು ಕೊಡುವ ಮೊದಲೇ ಕಾಣುವಂತೆ ಮಾಡುವ ಕುರಿತು.

ಮಾನ್ಯರೇ,

ನಾನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನಲ್ಲಿ ಗ್ಯಾರೇಜ್ ನಡೆಸುವ ಮಿಸ್ತ್ರಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ವ್ಯವಹಾರ ಮುಗಿಸುವ ಮುಂಚೆ "ಒಂದ್ಸಲ ನೋಡಿ ಹೇಳ್ರಿ ಮಿಸ್ತ್ರಿ" ಎಂದು ಗಾಡಿ ತಂದು ನಿಲ್ಲಿಸುವುದು ನಮ್ಮ ಕಡೆಯ ರೂಢಿ. ಕಬ್ಬಿನ ಬಿಲ್ ಖಾತೆಗೆ ಜಮಾ ಆಗುವ ದಿನಗಳಲ್ಲಂತೂ ಇಂಥ ಗಾಡಿಗಳು ಅಂಗಳದಲ್ಲಿ ಸಾಲು ಹಿಡಿದು ನಿಲ್ಲುತ್ತವೆ. ಬರುವವರಲ್ಲಿ ಹೆಚ್ಚಿನವರು ಮೊಬೈಲ್ ತೆಗೆದು, ಗಾಡಿಯ ವಿವರ ಕೊಡುವ ಸರ್ಕಾರದ ಆ್ಯಪ್ ತೋರಿಸುತ್ತಾ ಒಂದೇ ಮಾತು ಹೇಳುತ್ತಾರೆ: "ಆ್ಯಪ್‌ನ್ಯಾಗ ಎಲ್ಲಾ ನೋಡೇನ್ರಿ. ಫಿಟ್ನೆಸ್ 2032ರ ತನಕ ಐತಿ. ಇನ್ನೇನ್ ಚಿಂತಿ?" ಆ ಒಂದು ಸಾಲು ನಮ್ಮ ಜನರನ್ನು ಎಷ್ಟು ದಾರಿ ತಪ್ಪಿಸುತ್ತಿದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ತಮಗೆ ತಿಳಿದಿರುವ ವಿಷಯವೇ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಆ 15 ವರ್ಷಗಳಲ್ಲಿ ಇಂತಿಷ್ಟು ಕಾಲಕ್ಕೊಮ್ಮೆ ಇನ್‌ಸ್ಪೆಕ್ಟರಿಗೆ ಗಾಡಿ ತೋರಿಸಬೇಕೆಂಬ ಕಡ್ಡಾಯವಿಲ್ಲ. ಅವಧಿ ಮುಗಿದ ಮೇಲೆ ಫಾರ್ಮ್ 25 ಹಾಕಿ, ಗಾಡಿ ಒಯ್ದು ತೋರಿಸಿ, ಮುಂದಿನ 5 ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಎಂದ ಮೇಲೆ 2017ರಲ್ಲಿ ನೋಂದಣಿಯಾದ ಕಾರಿನ ಮುಂದೆ ಕಾಣುವ 2032 ಎಂಬುದು ಯಾರೋ ಬ್ರೇಕ್ ಒತ್ತಿ, ಗಾಡಿಯ ಅಡಿಗೆ ಬಗ್ಗಿ ನೋಡಿ ಕೊಟ್ಟ ಅಭಿಪ್ರಾಯವಲ್ಲ. 2017ಕ್ಕೆ 15 ಕೂಡಿಸಿದ ಲೆಕ್ಕ, ಅಷ್ಟೇ. ನಡುವೆ ಆ ಗಾಡಿ ಲಾರಿಗೆ ಗುದ್ದಿರಲಿ, ಹೊಳೆಯ ನೀರಿನಲ್ಲಿ ಎರಡು ದಿನ ಮುಳುಗಿರಲಿ, ಆ ತಾರೀಖು ಕದಲುವುದಿಲ್ಲ. ಸರ್ಕಾರದ ಆ್ಯಪ್‌ನಲ್ಲಿ ಇದನ್ನು ಓದಿದ ರೈತನೋ ಶಿಕ್ಷಕನೋ ಇಲಾಖೆಯವರು ಗಾಡಿ ನೋಡಿದ್ದಾರೆ ಎಂದೇ ನಂಬುತ್ತಾನೆ. ಹಾಗೆ ನಂಬಿದ್ದು ಅವನ ತಪ್ಪು ಎಂದು ನಾನು ಎಂದೂ ಒಪ್ಪುವುದಿಲ್ಲ.

ಹೋದ ಮಳೆಗಾಲದಲ್ಲಿ ಕೃಷ್ಣಾ ತೀರದ ಹಳ್ಳಿಯ ಯುವಕನೊಬ್ಬನ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ನನ್ನ ಗ್ಯಾರೇಜಿಗೆ ಬಿಟ್ಟರು. ಅವನ ತಂದೆಗೆ ಡಯಾಲಿಸಿಸ್ ನಡೆದಿದೆ. ನಮ್ಮ ಭಾಗದವರು ದೊಡ್ಡ ದವಾಖಾನೆಗೆ ಹೋಗುವುದು ಮಹಾರಾಷ್ಟ್ರದ ಮಿರಜಕ್ಕೆ. ಪ್ರತಿ ಸಲ ಬಾಡಿಗೆ ಗಾಡಿಗೆ ಕೊಟ್ಟು ಸಾಕಾಗಿ, ಸೊಸೈಟಿಯಲ್ಲಿ ಸಾಲ ಎತ್ತಿ, ಹೆದ್ದಾರಿ ಪಕ್ಕದ ವ್ಯಾಪಾರಿಯೊಬ್ಬರಲ್ಲಿ ಡೀಸೆಲ್ ಕಾರು ಕೊಂಡಿದ್ದ. "ಸಿಂಗಲ್ ಓನರ್, ಡಾಕ್ಟರ್ ಇಟ್ಟಿದ್ ಗಾಡಿ, ಪೇಪರ್ ಎಲ್ಲಾ ಕ್ಲಿಯರ್ ಅದಾವು" ಎಂದು ಅವರು ಹೇಳಿದ್ದರಂತೆ. ಪೇಪರ್ ಕ್ಲಿಯರ್ ಇದ್ದದ್ದು ನಿಜ. ಆರ್‌ಸಿ ಸರಿ ಇತ್ತು, ವಿಮೆ ಇತ್ತು, ಹೊಗೆ ತಪಾಸಣೆಯ ಪಿಯುಸಿ ಪತ್ರ ಇತ್ತು, ಸಾಲದ ನಮೂದು ತೆಗೆಸಿದ್ದರು. ಮಳೆಯಲ್ಲಿ ತಂದೆಯನ್ನು ಕೂರಿಸಿಕೊಂಡು ಹೊರಟಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಹತ್ತಿ ಆರಿದವು, ನಡುದಾರಿಯಲ್ಲಿ ಎಂಜಿನ್ ಬಂದ್ ಬಿತ್ತು. ತಂದೆಯನ್ನು ದಾರಿಯಲ್ಲಿ ಬಂದ ಟೆಂಪೋ ಹತ್ತಿಸಿ ಕಳುಹಿಸಿದನಂತೆ.

ಮುಂದಿನ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದೆ. ಕೆಳಗಿನ ಫೋಮ್ ತುಂಬ ನುಣ್ಣನೆಯ ಮೆಕ್ಕಲು ಮಣ್ಣು ಒಣಗಿ ಕೂತಿತ್ತು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದೆ. ಹೊರಗೆ ಕಾಣುವಷ್ಟು ಭಾಗವನ್ನು ತೊಳೆದು ಸ್ವಚ್ಛ ಮಾಡಿದ್ದರು, ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ನೀರು ನಿಂತ ಗೆರೆ ಹಾಗೇ ಇತ್ತು. ವೈರಿಂಗ್ ಕಪ್ಲರ್‌ಗಳ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕೀ ತಿರುಗಿಸಿದ ಕೂಡಲೇ ಏರ್‌ಬ್ಯಾಗಿನ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಇದರಲ್ಲಿ ಹತ್ತಲೇ ಇಲ್ಲ. ಮೀಟರ್ ಕಳಚಿ ನೋಡಿದಾಗ ಆ ದೀಪದ ಮೇಲೆ ಹಿಂದಿನಿಂದ ಕರಿ ಟೇಪ್ ಅಂಟಿಸಿದ್ದು ಸಿಕ್ಕಿತು. ಏರ್‌ಬ್ಯಾಗ್ ಕೆಟ್ಟಿದೆ ಎಂಬುದು ಆ ಟೇಪ್ ಹಚ್ಚಿದವನಿಗೆ ಗೊತ್ತಿತ್ತು. ಅದೇ ಕಾರಿನಲ್ಲಿ ಒಬ್ಬ ರೋಗಿ, ಅವನ ಮಗ ವಾರ ವಾರ ಓಡಾಡಿದ್ದಾರೆ.

ಆ ಮಣ್ಣು ಯಾವ ಹೊಳೆಯದು ಎಂದು ನಾನು ಹೇಳಲಾರೆ. ಆದರೆ 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರಗಳನ್ನು ಈ ಭಾಗದವರು ಯಾರೂ ಮರೆತಿಲ್ಲ. ಕೃಷ್ಣಾ, ಪಂಚಗಂಗಾ, ದೂಧಗಂಗಾ, ವೇದಗಂಗಾ ಉಕ್ಕಿ ಕೊಲ್ಲಾಪುರ, ಸಾಂಗ್ಲಿಗಳಿಂದ ಹಿಡಿದು ನಮ್ಮ ತಾಲ್ಲೂಕಿನ ಹಳ್ಳಿಗಳವರೆಗೆ ನೀರು ನಿಂತಿತ್ತು, ಪುಣೆ–ಬೆಂಗಳೂರು ಹೆದ್ದಾರಿಯೇ ಬಂದ್ ಆಗಿತ್ತು. ಆಗ ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗಿಲ್ಲ. ವಿಮಾ ಕಂಪನಿ "ಟೋಟಲ್ ಲಾಸ್" ಎಂದು ತೀರ್ಮಾನಿಸಿ ಮಾಲೀಕನಿಗೆ ಪರಿಹಾರ ಕೊಟ್ಟ ಮೇಲೆ ಇಂಥ ಗಾಡಿ ಹರಾಜಿಗೆ ಬರುತ್ತದೆ. ಅಗ್ಗಕ್ಕೆ ಎತ್ತಿದವನು ತೊಳೆದು, ಸೀಟ್ ಕವರ್ ಬದಲಿಸಿ, ಪಾಲಿಶ್ ಹೊಡೆದು ಮತ್ತೆ ಮಾರಾಟಕ್ಕೆ ನಿಲ್ಲಿಸುತ್ತಾನೆ. ಗಾಡಿ ನಾಶವಾದರೆ ಅಥವಾ ಶಾಶ್ವತವಾಗಿ ಬಳಸಲು ಬಾರದಂತಾದರೆ ಮಾಲೀಕನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಕಾಯ್ದೆಯ 55ನೇ ಕಲಮು ಹೇಳುತ್ತದೆ. ಆದರೆ ದುರಸ್ತಿಗೆ ತಗಲುವ ಖರ್ಚು ಹೆಚ್ಚಾಯಿತೆಂದು ಕೈಬಿಟ್ಟ ಗಾಡಿಯನ್ನು "ಬಳಸಲು ಬಾರದ್ದು" ಎಂದು ಯಾರೂ ಬರೆದುಕೊಡುವುದಿಲ್ಲ. ಹೀಗಾಗಿ ಆರ್‌ಸಿ ಜೀವಂತ, ಫಿಟ್ನೆಸ್ ತಾರೀಖೂ ಜೀವಂತ.

ಇದಕ್ಕಿಂತ ನನಗೆ ಹೆಚ್ಚು ಬೇಸರ ತರಿಸುವುದು ಇನ್ನೊಂದು ಬಗೆಯ ಗಾಡಿ. ಅದರ ಇತಿಹಾಸ ತಮ್ಮ ಇಲಾಖೆಯ ಬಳಿಯೇ ಇದೆ, ಆದರೂ ಕೊಳ್ಳುವವನಿಗೆ ಕಾಣುವುದಿಲ್ಲ. ಹಳದಿ ಬೋರ್ಡ್‌ನಲ್ಲಿ ಟ್ಯಾಕ್ಸಿಯಾಗಿ ಓಡಿ, ಪರ್ಮಿಟ್ ಒಪ್ಪಿಸಿ, ತೆರಿಗೆ ವ್ಯತ್ಯಾಸ ಕಟ್ಟಿ ಬಿಳಿ ಬೋರ್ಡ್‌ಗೆ ಬಂದ ಕಾರುಗಳ ಮಾತು ಹೇಳುತ್ತಿದ್ದೇನೆ. ಹಾಗೆ ಬದಲಿಸುವುದು ಕಾನೂನಿಗೆ ಒಪ್ಪಿದ ಕೆಲಸ, ತಕರಾರಿಲ್ಲ. ಟ್ಯಾಕ್ಸಿಯಾಗಿದ್ದಾಗ ಅದಕ್ಕೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ತಪಾಸಣೆ, ಆಗಲೇಬೇಕು. ಅಂದರೆ ಆ ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರು ಕಣ್ಣಾರೆ ನೋಡಿರುತ್ತಾರೆ. ಬ್ರೇಕ್ ಸರಿಯಿಲ್ಲವೆಂದು ವಾಪಸ್ ಕಳುಹಿಸಿರಬಹುದು, ಟೈರ್ ಹಾಕಿಸಿಕೊಂಡು ಬಾ ಎಂದಿರಬಹುದು. ಬಿಳಿ ಬೋರ್ಡ್ ಬಂದ ದಿನ ಅದೆಲ್ಲ ಮರೆಗೆ ಸರಿಯುತ್ತದೆ. ಆ್ಯಪ್‌ನಲ್ಲಿ ಉಳಿಯುವುದು ಮುಂದಿನ ಒಂದು ತಾರೀಖು ಮಾತ್ರ.

ಅಂಥ ಗಾಡಿಯನ್ನು ನಾನು ಗುರುತಿಸುವುದು ಹೇಗೆ ಎಂದರೆ, ಮೀಟರ್ 60 ಸಾವಿರ ತೋರಿಸುತ್ತಿರುತ್ತದೆ, ಬ್ರೇಕ್ ಪೆಡಲಿನ ರಬ್ಬರ್ ಮಾತ್ರ ಗೀರುಗಳೆಲ್ಲ ಸವೆದು ನುಣ್ಣಗಾಗಿರುತ್ತದೆ. ಆಕ್ಸಿಲೇಟರ್ ಪೆಡಲಿನ ಮೇಲ್ಗಡೆ ಕೈ ಹಾಕಿದರೆ, ಟ್ಯಾಕ್ಸಿಯ ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಗವರ್ನರ್ ತೆಗೆದಾಗ ಕತ್ತರಿಸಿ, ಟೇಪ್ ಸುತ್ತಿ ಬಿಟ್ಟ ವೈರಿನ ತುದಿಗಳು ಸಿಗುತ್ತವೆ. ಖಾಸಗಿ ಕಾರಿಗೆ ಸ್ಪೀಡ್ ಗವರ್ನರ್ ಯಾರೂ ಕೂರಿಸುವುದಿಲ್ಲ. ಇದು ನನ್ನ ಕೈಗೆ ಬಂದ ಗಾಡಿಯ ಮಾತಾಯಿತು. ಮಿಸ್ತ್ರಿಯ ಹತ್ತಿರ ಬಾರದೆ, ಬರೀ ಫೋಟೊ ನೋಡಿ ಅಡ್ವಾನ್ಸ್ ಕೊಟ್ಟು ಬರುವವರು ಎಷ್ಟೋ ಜನ.

ನಮ್ಮ ಜಾತ್ರೆಗಳಲ್ಲಿ ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ, ಸುಳಿ ನೋಡುತ್ತಾನೆ, ಗಳೆ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಎತ್ತಿನ ವಯಸ್ಸು ಅದರ ಬಾಯಲ್ಲೇ ಇರುತ್ತದೆ. ಕಾರಿನ ಮೀಟರನ್ನು ಹಿಂದಕ್ಕೆ ತಿರುಗಿಸಲು ಒಂದು ಲ್ಯಾಪ್‌ಟಾಪ್, ಒಂದು ಕೇಬಲ್ ಸಾಕು, ಅರ್ಧ ತಾಸೂ ಬೇಡ. ನನ್ನ ಗ್ಯಾರೇಜಿಗೂ ಬಂದು "ಇಳಿಸಿ ಕೊಡ್ತೀರೇನ್ರಿ?" ಎಂದು ಕೇಳಿದವರಿದ್ದಾರೆ. ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಹಚ್ಚಿದರೆ ಬ್ರೇಕ್ ನಿಯಂತ್ರಿಸುವ ಎಬಿಎಸ್‌ನಂಥ ಬೇರೆ ಯೂನಿಟ್‌ನಲ್ಲಿ ಹಳೆಯ ಕಿಲೋಮೀಟರ್ ಉಳಿದಿರುವುದು ಸಿಗುತ್ತದೆ. ಎಲ್ಲದರಲ್ಲೂ ಸಿಗುವುದಿಲ್ಲ. ಈ ಮೋಸಕ್ಕೆ ಗಟ್ಟಿ ತಡೆ ಒಂದೇ: ಗಾಡಿಯ ಕಿಲೋಮೀಟರನ್ನು ಕಾಲಕಾಲಕ್ಕೆ, ಮಾಲೀಕನ ಕೈಗೆ ಸಿಗದ ಕಡೆ ಬರೆದಿಡುವುದು.

ಬ್ರಿಟನ್‌ನಲ್ಲಿ ಇದು ನಡೆಯುತ್ತಿದೆ. ಅಲ್ಲಿ ದುಡಿಯುವ ನಮ್ಮ ಗಿರಾಕಿಯೊಬ್ಬರ ಮಗ ಊರಿಗೆ ಬಂದಾಗ ತಾನು ಅಲ್ಲಿ ಕೊಂಡ ಹಳೆಯ ಕಾರಿನ ದಾಖಲೆಯನ್ನು ಮೊಬೈಲಿನಲ್ಲಿ ತೆರೆದು ತೋರಿಸಿದ. ಮೂರು ವರ್ಷ ತುಂಬಿದ ಕಾರಿಗೆ ಅಲ್ಲಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ, ಅದಕ್ಕೆ ಎಂಒಟಿ ಎನ್ನುತ್ತಾರೆ. ಗಾಡಿಯ ನಂಬರ್ ಒಂದನ್ನು ಹಾಕಿದರೆ ಯಾರು ಬೇಕಾದರೂ, ಒಂದು ಪೈಸೆ ಕೊಡದೆ, 2005ರಿಂದ ಈಚಿನ ತಪಾಸಣೆಗಳನ್ನು ನೋಡಬಹುದು. ಯಾವ ದಿನ ತೋರಿಸಿದರು, ಪಾಸಾಯಿತೋ ಫೇಲಾಯಿತೋ, ಫೇಲಾಗಿದ್ದರೆ ಯಾವ ಕಾರಣಕ್ಕೆ, ಪಾಸಾದರೂ ಯಾವುದರ ಮೇಲೆ ಕಣ್ಣಿಡಬೇಕು, ಆ ದಿನ ಮೀಟರ್ ಎಷ್ಟಿತ್ತು ಎಲ್ಲವೂ ಇರುತ್ತದೆ. ಹಿಂದಿನ ಬ್ರೇಕ್ ಪೈಪಿಗೆ ತುಕ್ಕು ಹಿಡಿಯುತ್ತಿದೆ ಎಂದು ಒಂದು ವರ್ಷ ಬರೆದಿದ್ದರು. ಮುಂದಿನ ವರ್ಷ ಅದೇ ಕಾರಣಕ್ಕೆ ಫೇಲ್. ವಾರದೊಳಗೆ ಬದಲಿಸಿ ಪಾಸ್. ಆ ಹುಡುಗ ಇದನ್ನೆಲ್ಲ ಓದಿಯೇ ಬೆಲೆ ಮಾತಾಡಿದ್ದಾನೆ. ಮಾಲೀಕನ ಹೆಸರು, ವಿಳಾಸ ಅದರಲ್ಲಿ ಎಲ್ಲಿಯೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ನಾಳೆಯೇ ಖಾಸಗಿ ಕಾರುಗಳಿಗೆಲ್ಲ ವರ್ಷಕ್ಕೊಮ್ಮೆ ಆರ್‌ಟಿಒ ತಪಾಸಣೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಈಗಿರುವ ಕಚೇರಿಗಳಿಗೆ ಅಷ್ಟು ಹೊರೆ ಹೊರಲಾಗದು, ಜನರಿಗೂ ಏಜೆಂಟರ ಹಿಂದೆ ಅಲೆಯುವ ಇನ್ನೊಂದು ಕೆಲಸ ಹೆಚ್ಚಾಗುತ್ತದೆ. ನಾನು ಕೇಳುವುದು ಈಗಾಗಲೇ ನಡೆದಿರುವ ತಪಾಸಣೆಯ ಫಲವನ್ನು ಬಚ್ಚಿಡಬೇಡಿ ಎಂದು.

ಸಾರಿಗೆ ವಾಹನವಾಗಿ ಓಡಿದ ಗಾಡಿ ಈಗ ಯಾವ ಬಣ್ಣದ ಬೋರ್ಡ್ ಹಾಕಿಕೊಂಡಿದ್ದರೂ, ಅದರ ಹಿಂದಿನ ಎಲ್ಲ ಎಫ್‌ಸಿಗಳ ದಿನಾಂಕ, ಫೇಲಾಗಿದ್ದರೆ ಕಾರಣ, ಟ್ಯಾಕ್ಸಿಯಿಂದ ಖಾಸಗಿಗೆ ಬದಲಾದ ದಿನ ಇಷ್ಟನ್ನೂ ನಂಬರ್ ಮತ್ತು ಚಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿದವರಿಗೆ ತೋರಿಸಬೇಕು. ಚಾಸಿಯ ಅಂಕಿ ಕೇಳಿದರೆ ಗಾಡಿಯ ಮುಂದೆ ನಿಂತವನಿಗೆ ಮಾತ್ರ ಮಾಹಿತಿ ಸಿಗುತ್ತದೆ, ದಾರಿಹೋಕರಿಗೆ ಸಿಗುವುದಿಲ್ಲ. ಖಾಸಗಿ ಕಾರಿನ ಮುಂದೆ "ಫಿಟ್ನೆಸ್ 2032ರವರೆಗೆ" ಎಂದು ತೋರಿಸುವಲ್ಲಿ "ಈ ವಾಹನವನ್ನು ಇಲಾಖೆ ತಪಾಸಣೆ ಮಾಡಿಲ್ಲ, ಇದು ನೋಂದಣಿಯ ಅವಧಿ ಮಾತ್ರ" ಎಂಬ ಒಂದು ಸಾಲು ಕನ್ನಡದಲ್ಲಿ ಸೇರಿಸಬೇಕು. ಗಾಡಿಗಳ ದಾಖಲೆ ಇಡುವ ವಾಹನ್ ತಂತ್ರಾಂಶ ಕೇಂದ್ರ ಸರ್ಕಾರದ್ದು ಎಂಬುದು ನನಗೆ ಗೊತ್ತಿದೆ. ಆದರೆ ಅದಕ್ಕೆ ಮಾಹಿತಿ ತುಂಬುವವರು ರಾಜ್ಯದ ಅಧಿಕಾರಿಗಳು. ರಾಜ್ಯದ ಆಯುಕ್ತರು ಬರೆದು ಕೇಳಿದರೆ ಆ ಮಾತಿಗೆ ತೂಕವಿರುತ್ತದೆ.

ಇನ್ನು ಪಿಯುಸಿ. ಹೊಸ ಗಾಡಿಗೆ ಒಂದು ವರ್ಷ ತುಂಬಿದ ಮೇಲೆ, ಬಿಎಸ್-4 ಮತ್ತು ನಂತರದ ಹೊಗೆ ಮಾನದಂಡದ ಗಾಡಿಯಾದರೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಾದರೆ ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ ಆಗಲೇಬೇಕು. 15 ವರ್ಷದವರೆಗೆ ಖಾಸಗಿ ಕಾರು ಕಡ್ಡಾಯವಾಗಿ ನಿಲ್ಲಬೇಕಾದ ಜಾಗ ಇದೊಂದೇ. ಅಲ್ಲಿ ನಂಬರ್ ಪ್ಲೇಟಿನ ಫೋಟೊ ಹೇಗೂ ತೆಗೆಯುತ್ತಾರೆ. ಜೊತೆಗೆ ಮೀಟರಿನದೂ ಒಂದು ಫೋಟೊ ತೆಗೆದು ಆ ಅಂಕಿಯನ್ನು ದಾಖಲಿಸುವುದು ಕಡ್ಡಾಯವಾಗಲಿ, ಕೊಳ್ಳುವವರು ಅದನ್ನು ವರ್ಷವಾರು ನೋಡುವಂತಾಗಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಸಿಬ್ಬಂದಿ ಬೇಡ, ಗಾಡಿಯವರಿಗೆ ಹೆಚ್ಚಿನ ಖರ್ಚೂ ಇಲ್ಲ. 2021ರಲ್ಲಿ 90 ಸಾವಿರ ಓಡಿದ್ದ ಕಾರು 2024ರಲ್ಲಿ 55 ಸಾವಿರ ತೋರಿಸಿದರೆ ನನ್ನಂಥ ಮಿಸ್ತ್ರಿ ಬೇಕಾಗಿಲ್ಲ, ಮನೆಯ ಶಾಲೆ ಹುಡುಗನೇ ಹಿಡಿಯುತ್ತಾನೆ. ನನ್ನ ಎಲ್ಲ ಬೇಡಿಕೆಗಳಲ್ಲಿ ಮೊದಲು ಜಾರಿಗೆ ಬರಬೇಕಾದದ್ದು ಇದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವ್ಯಾಪಾರಿಗಳ ವಿಷಯಕ್ಕೆ ಬರುತ್ತೇನೆ. ಹಳೆಯ ವಾಹನ ಮಾರುವವರು ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆಯಬೇಕೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಗಾಡಿ ವ್ಯಾಪಾರಿಯ ಕೈಗೆ ಬಂದಾಗ ಮಾಲೀಕನು ಫಾರ್ಮ್ 29ಸಿ ಮೂಲಕ ತಿಳಿಸಬೇಕು. ಅಲ್ಲಿಂದ ಮುಂದೆ ಆ ಗಾಡಿಗೆ ವ್ಯಾಪಾರಿಯೇ ಮಾಲೀಕನೆಂದು ಭಾವಿಸಲಾಗುತ್ತದೆ. ಗಾಡಿ ಹೊರಗೆ ಹೋದರೆ ಯಾಕೆ ಹೋಯಿತು, ಯಾರು ಓಡಿಸಿದರು, ಎಷ್ಟು ಕಿಲೋಮೀಟರ್ ಎಂದು ವಿದ್ಯುನ್ಮಾನ ದಾಖಲೆ ಇಡಬೇಕು. ಒಳ್ಳೆಯ ನಿಯಮ. ಆದರೆ ನಾನು ಹೋಗಿ ಬರುವ ಕಡೆಗಳಲ್ಲಿ, ಹೆದ್ದಾರಿ ಬದಿ ಖಾಲಿ ಪ್ಲಾಟಿನಲ್ಲಿ ಹತ್ತು ಕಾರು ನಿಲ್ಲಿಸಿ, ತಗಡಿನ ಶೆಡ್ಡಿನಲ್ಲಿ ಕೂತು ವ್ಯಾಪಾರ ಮಾಡುವವರ ಬಳಿ ಅಂಥ ಪತ್ರ ಗೋಡೆಗೆ ತೂಗುಹಾಕಿದ್ದನ್ನು ನಾನು ನೋಡಿಲ್ಲ. ಕೇಳಿದರೆ "ನಾವ್ ಬರೀ ಕಮಿಷನ್‌ದವ್ರು, ಗಾಡಿ ಪಾರ್ಟಿದು" ಎನ್ನುತ್ತಾರೆ. ಮುಂದೆ ತಕರಾರು ಎದ್ದರೆ ಅವರು ಕೈ ತೊಳೆದುಕೊಳ್ಳಲು ಆ ಮಾತೇ ದಾರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಅಧಿಕೃತ ಪತ್ರ ಪಡೆದ ವ್ಯಾಪಾರಿಗಳು ಯಾರು ಎಂಬ ಪಟ್ಟಿಯನ್ನು ಪ್ರತಿ ಆರ್‌ಟಿಒ ಕಚೇರಿಯ ಬಾಗಿಲಲ್ಲಿ ಅಂಟಿಸಲು ಆದೇಶಿಸಿ. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರು ನಮ್ಮಲ್ಲಿ ಸಾಕಷ್ಟು ಜನರಿದ್ದಾರೆ, ಅವರಿಗೂ ಇದರಿಂದ ಅನುಕೂಲವೇ.

ಹೆಸರು ವರ್ಗಾವಣೆಯ ಬಗ್ಗೆ ಒಂದೆರಡು ಮಾತು. ಮಾರಿದವನು ರಾಜ್ಯದೊಳಗಾದರೆ 14 ದಿನ, ಹೊರರಾಜ್ಯಕ್ಕಾದರೆ 45 ದಿನಗಳೊಳಗೆ ತಿಳಿಸಬೇಕು, ಕೊಂಡವನು 30 ದಿನಗಳೊಳಗೆ ಅರ್ಜಿ ಹಾಕಬೇಕು. ನಮ್ಮ ಗಡಿಯಲ್ಲಿ ಎಂಎಚ್ 09, ಎಂಎಚ್ 10 ಎಂಬ ಕೊಲ್ಲಾಪುರ, ಸಾಂಗ್ಲಿ ನಂಬರಿನ ಗಾಡಿಗಳು ಕೈಯಿಂದ ಕೈಗೆ ಹೋಗುತ್ತವೆ. ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ, ಮರುನೋಂದಣಿ ಎಂದು ಓಡಾಡಲು ಬೇಸತ್ತು, ಸಹಿ ಮಾಡಿದ ವರ್ಗಾವಣೆಯ ಫಾರ್ಮ್ 29, 30ನ್ನೇ ಡಿಕ್ಕಿಯಲ್ಲಿಟ್ಟುಕೊಂಡು ಓಡಿಸುವವರಿದ್ದಾರೆ. ಆರ್‌ಸಿಯಲ್ಲಿ ಹೆಸರಿದ್ದವನೇ ಮಾಲೀಕ, ಅಪಘಾತದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿದೆ. ಈ ಮಾತು ಮಾರುವವರ ಕಿವಿಗೂ ಬೀಳಬೇಕು.

ವಿಮೆಯ ವಿಷಯ ತಮ್ಮ ಕೈಯಲ್ಲಿಲ್ಲ. ಆದರೂ ಟೋಟಲ್ ಲಾಸ್ ಎಂದು ಪರಿಹಾರ ಕೊಟ್ಟ ಪ್ರತಿ ಗಾಡಿಯ ನಂಬರನ್ನು ವಿಮಾ ಕಂಪನಿಗಳು ವಾಹನ್ ದಾಖಲೆಗೆ ಸೇರಿಸುವಂತೆ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯಕ್ಕೂ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೂ ತಾವು ಬರೆಯಬೇಕೆಂದು ಕೋರುತ್ತೇನೆ. ಅಂಥ ಗಾಡಿ ಮತ್ತೆ ರಸ್ತೆಗೆ ಬರಬೇಕೆಂದಿದ್ದರೆ ಒಮ್ಮೆಯಾದರೂ ನಿರೀಕ್ಷಕರ ಮುಂದೆ ನಿಲ್ಲಲಿ. ಏರ್‌ಬ್ಯಾಗ್, ಬ್ರೇಕ್, ವೈರಿಂಗ್ ನೋಡಿ ಅವರು ಬರೆದದ್ದು ಕೊಳ್ಳುವವನಿಗೆ ಕಾಣಲಿ.

ಇತಿಹಾಸ ತೆರೆದಿಟ್ಟರೆ ಹಳೆಯ ಗಾಡಿಗಳ ಬೆಲೆ ಬೀಳುತ್ತದೆ ಎಂದು ಕೆಲವರು ಹೇಳುತ್ತಾರೆ. ನನ್ನ ಅನುಭವ ಬೇರೆ. ಸರ್ವಿಸ್ ಬುಕ್, ಬಿಲ್ಲುಗಳನ್ನು ಜೋಪಾನವಾಗಿ ಇಟ್ಟ ಕಾರಿಗೆ ಪಕ್ಕದಲ್ಲಿ ನಿಂತ ಅದೇ ಮಾಡೆಲ್ಲಿನ ಗಾಡಿಗಿಂತ ಹೆಚ್ಚು ಬೆಲೆ ಬಂದದ್ದನ್ನು ನಾನು ಅನೇಕ ಸಲ ಕಂಡಿದ್ದೇನೆ. ಬೆಲೆ ಬೀಳುವುದು ಮುಚ್ಚಿಡಬೇಕಾದದ್ದು ಇರುವ ಗಾಡಿಗೆ. ಹಳೆಯ ಕಾರು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹೊಸ ಕಾರು ಕೊಳ್ಳಲಾಗದ ಮನೆಗೆ ಹೆರಿಗೆಗೆ, ದವಾಖಾನೆಗೆ, ಮಗಳ ಪರೀಕ್ಷೆಗೆ ಅದೇ ಗಾಡಿ ಬೇಕು. ಹೊಸದು ಕೊಂಡವನಿಗೆ ಕಂಪನಿಯ ವಾರಂಟಿಯಾದರೂ ಇರುತ್ತದೆ. ಹಳೆಯದು ಕೊಂಡವನಿಗೆ ಇರುವುದು ಆ್ಯಪ್‌ನ ಆ ಒಂದು ತಾರೀಖು ಮಾತ್ರ.

ಮೇಲೆ ಹೇಳಿದ ಯುವಕನ ಕಾರು ಇನ್ನೂ ನನ್ನ ಗ್ಯಾರೇಜಿನಲ್ಲಿದೆ. ವೈರಿಂಗ್ ಪೂರ್ತಿ ಬದಲಿಸಲು ಆಗುವ ಖರ್ಚನ್ನು ಅವನು ಈಗ ಹೊರಲಾರ. ಮಾರಿದವರು ಫೋನ್ ಎತ್ತುತ್ತಿಲ್ಲ. ತಾವು ಬೆಳಗಾವಿಗೆ ಬಂದಾಗ ಅಥವಾ ತಮ್ಮ ಅಧಿಕಾರಿಗಳು ಈ ಕಡೆ ಬಂದಾಗ ಆ ಕಾರನ್ನು ನೋಡಬಹುದು. ಸೀಟ್ ಬೆಲ್ಟ್, ಕಪ್ಲರ್‌ಗಳು, ಟೇಪ್ ಹಚ್ಚಿದ ಮೀಟರ್ ಯಾವುದನ್ನೂ ನಾನು ಬದಲಿಸಿಲ್ಲ. ಪಿಯುಸಿ ಕೇಂದ್ರಗಳಲ್ಲಿ ಮೀಟರ್ ದಾಖಲಿಸುವ ಕೆಲಸವನ್ನು ಒಂದು ಜಿಲ್ಲೆಯಲ್ಲಿ ಪ್ರಯೋಗವಾಗಿ ಶುರು ಮಾಡುವುದಾದರೆ ನಮ್ಮ ಬೆಳಗಾವಿ ಜಿಲ್ಲೆಯಿಂದಲೇ ಆಗಲಿ ಎಂದು ಕೋರುತ್ತೇನೆ. ಈ ಕೋರಿಕೆಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಆಗದಿದ್ದರೆ ಏಕೆ ಎಂಬುದನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಚಿಕ್ಕೋಡಿ ತಾಲ್ಲೂಕಿನ ಒಬ್ಬ ಗ್ಯಾರೇಜ್ ಮಿಸ್ತ್ರಿ